ಭಾವಮೈದನ ದೋಣಿಗೆ ಬಿದ್ದ ಅಚ್ಚು

ಎಲ್ಲಕ್ಕೂ ಮೂಲ ಅತ್ತೆಯವರ ಶುಚಿತ್ವ.

ನಮ್ಮ ಗುಮಾಸ್ತರು ಕೆರೆಯಲ್ಲಿ ರಿಮೋಟ್ ಹಿಡಿದು ಓಡಿಸುವ ಪುಟ್ಟ ಹಾಯಿದೋಣಿಗಳ ಪಂದ್ಯದಲ್ಲಿ ಮೂರು ವರ್ಷದಿಂದ ತಪ್ಪದೆ ಕೊನೆಗೆ ಬರುತ್ತಿದ್ದರು. ತಪ್ಪದೆ ಮೊದಲು ಬರುತ್ತಿದ್ದವನು ಅವರ ಭಾವಮೈದ. ಹೆಂಡತಿಯ ತಮ್ಮನಿಗೆ ಸೋಲುವುದೆಂದರೆ ಒಂದು ಸಲ ಸೋತು ಮುಗಿಯುವ ಮಾತೇ? ಊಟಕ್ಕೆ ಕೂತಾಗಲೆಲ್ಲ ಸೋಲಬೇಕು! "ನನ್ನ ದೋಣಿಯ ಒಡಲೇ ಸರಿಯಿಲ್ಲ, ಅವನಂಥದ್ದು ಇದ್ದಿದ್ರೆ ತೋರಿಸ್ತಿದ್ದೆ" ಎಂದು ಗುಮಾಸ್ತರು ಕಂಡಕಂಡವರಿಗೆಲ್ಲ ಹೇಳುತ್ತಿದ್ದರು.

ಪಂದ್ಯಕ್ಕೆ ವಾರವಿರುವಾಗ ಭಾವಮೈದ ತನ್ನ ದೋಣಿಯನ್ನು ಒಂದು ದಿನದ ಮಟ್ಟಿಗೆ ಅಕ್ಕನ ಮನೆಯಲ್ಲಿಟ್ಟು ಹೋದ. ಗುಮಾಸ್ತರು ರಜೆ ಹಾಕಿಯೇಬಿಟ್ಟರು. ಉಪಾಯ ಸರಳ. ಹಾಯಿ ಕಳಚಿ, ದೋಣಿಯನ್ನು ಬೋರಲು ಹಾಕಿ, ಅಂಟಿಕೊಳ್ಳದಂತೆ ಮೇಣ ಬಳಿಯುವುದು. ಮೇಲೆ ಫೈಬರ್‌ಗ್ಲಾಸ್ ಬಟ್ಟೆ ಹೊದಿಸಿ ರೆಸಿನ್ ಅಂಟು ಹಚ್ಚುವುದು. ಗಟ್ಟಿಯಾದ ಮೇಲೆ ಟೊಪ್ಪಿಯಂತೆ ಕಳಚಿಕೊಂಡರೆ ಅಂಥದೇ ಒಡಲು ತಯಾರು!

ಮೇಣ ಬಳಿದು, ರೆಸಿನ್ ಕಲಸಲು ಹಿತ್ತಲಿಗೆ ಹೋಗಿ ಬಂದರು. ಮೇಣ ಎಷ್ಟು ಚೆನ್ನಾಗಿ ಹೊಳೆಯುತ್ತಿದೆ ಎಂದು ಹಿಗ್ಗಿ ಬಟ್ಟೆ ಹೊದಿಸಿ ರೆಸಿನ್ ಹಚ್ಚಿದರು. ಮೂರು ಗಂಟೆಗೆ ಅದು ಕಲ್ಲಾಗಿತ್ತು. ಎಳೆದರೆ ಜಪ್ಪಯ್ಯ ಎಂದರೂ ಜಗ್ಗಲಿಲ್ಲ.

"ಅದನ್ಯಾಕೆ ಹಾಗೆ ಎಳೀತಿದ್ದೀರಿ?" ಅತ್ತೆ ಬಾಗಿಲಲ್ಲಿ ನಿಂತಿದ್ದರು. "ಬೆಳಿಗ್ಗೆ ನೀವು ಹಿತ್ತಲಿಗೆ ಹೋದಾಗ ನೋಡಿದೆ, ನನ್ನ ಮಗನ ದೋಣಿ ಮೈಯೆಲ್ಲ ಜಿಡ್ಡು! ಸೋಪು ಹಾಕಿ ಉಜ್ಜಿ ಒರೆಸಿಟ್ಟೆ."

ಗುಮಾಸ್ತರು ಗೋಡೆ ಗಡಿಯಾರ ನೋಡಿದರು. "ಅಯ್ಯೋ ಅತ್ತೇ, ಅದು ಜಿಡ್ಡಲ್ಲ, ಮೇಣ! ಈಗ ಎರಡೂ ಕಚ್ಕೊಂಡಿವೆ. ಐದಕ್ಕೆ ನಿಮ್ಮ ಮಗ ಬರ್ತಾನೆ!"

ಗಲಾಟೆ ಕೇಳಿ ಪಕ್ಕದ ಮನೆಯ ಸೈಕಲ್ ರಿಪೇರಿಯವನು ಕರೆಯದೆಯೇ ಬಂದ. "ಇದೇನ್ ಮಹಾ ಸಾರ್! ಟಯರ್ ಬಿಚ್ಚೋ ಥರ ಬಿಚ್ಚಿದ್ರಾಯ್ತು" ಎಂದು ಅಂಚಿಗೆ ಲಿವರ್ ತೂರಿಸಿದ. ಎದುರು ಮನೆಯ ನಿವೃತ್ತ ಹೆರಿಗೆ ನರ್ಸಮ್ಮ ಬಿಸಿನೀರು ಹಿಡಿದೇ ಬಂದರು.

"ಗಾಬರಿ ಬೇಡ, ಎಳೀರಿ! ಇನ್ನೊಂಚೂರು... ತಲೆ ಕಾಣ್ತಾ ಇದೆ!"

ಠಪ್ಪೆಂದಿತು. ಹೊಸ ಒಡಲನ್ನು ತಬ್ಬಿಕೊಂಡೇ ಗುಮಾಸ್ತರು ಹಿಂದಿದ್ದ ಖಾಲಿ ಬಕೆಟ್ಟಿನ ಮೇಲೆ ಬಿದ್ದರು. ಒಡಲಿಗೆ ಒಂದು ಬಿರುಕೂ ಇಲ್ಲ! ಅವರಿಗೆ ಕುಣಿಯುವಷ್ಟು ಸಂತೋಷವಾಯಿತು. ಆದರೆ ಹಳೆಯ ದೋಣಿಯ ಕೆಂಪು ಬಣ್ಣವೆಲ್ಲ ಹೊಸದರ ಒಳಮೈಗೆ ಅಂಟಿಕೊಂಡು ಬಂದಿತ್ತು. ಹಳೆಯದರ ಮೈಮೇಲೆ ಕೆಂಪಿನಡಿಯಿಂದ ನೀಲಿ ಬಣ್ಣ ಹೊರಬಿದ್ದಿತ್ತು. ನೀಲಿಯ ಮೇಲೆ ಒಂದು ಸಹಿ, ಕೆಳಗೆ ತಾರೀಖು.

ಸಹಿ ಗುಮಾಸ್ತರದೇ.

"ಓಹೋ, ಗೊತ್ತಾಗಿಹೋಯ್ತಾ ಭಾವ?" ಭಾವಮೈದ ಆಗಲೇ ಒಳಗೆ ಬಂದಿದ್ದ. "ಮೂರು ವರ್ಷದ ಹಿಂದೆ ಸರಿಯಿಲ್ಲ ಅಂತ ನೀವು ಗುಜರಿಗೆ ಹಾಕಿದ ದೋಣಿನೇ ಇದು. ಬಣ್ಣ ಬಳಿದಿದ್ದೊಂದೇ ನಾನು. ಈಗ ಎರಡಾಯ್ತಲ್ಲ, ಭಾನುವಾರದ ಪಂದ್ಯಕ್ಕೆ ನಿಮಗ್ಯಾವುದು ಬೇಕೋ ತಗೊಳ್ಳಿ. ಉಳಿದದ್ದು ನನಗೆ."

ಅತ್ತೆ, ನರ್ಸಮ್ಮ, ಸೈಕಲ್‌ನವನು ಎಲ್ಲರೂ ಗುಮಾಸ್ತರ ಮುಖವನ್ನೇ ನೋಡಿದರು. ಗುಮಾಸ್ತರು ನಿಧಾನವಾಗಿ ಬಕೆಟ್ಟಿನಿಂದ ಎದ್ದರು.

"ಭಾನುವಾರ ನನಗೆ ಆಫೀಸಿದೆ ಕಣಯ್ಯ" ಎಂದರು.