ಕಬ್ಬಿನ ನೆರಳ ಅಳದು ಸಾಕಾತು

ನೆರಳ ಅಳಿಯೂದು ನನ್ನ ನೌಕರಿ ಆಗಿತ್ತು ಅಂದ್ರ ನಗಬ್ಯಾಡ್ರಿ. ನಕ್ಕವರ ಕೈಯಾಗ ಸಿಕ್ಕು ದಿನಾ ಹೈರಾಣ ಆಗೇನಿ. ಎಪ್ಪತ್ತರ ದಶಕದ ಕಡೀಕ ಬೆಳಗಾವಿಯ ಒಂದು ಕೃಷಿ ಕಚೇರಿಯೊಳಗ ಹಂಗಾಮಿ ಸಹಾಯಕ ಇದ್ದೆ. ಕಬ್ಬು ದಟ್ಟ ಬೆಳದಾಗ ಮ್ಯಾಲಿನ ಎಲಿ ಬಿಸಲೆಲ್ಲಾ ತಾವ ನುಂಗತಾವ. ನೆರಳಿಗೆ ಬಿದ್ದ ಕೆಳಗಿನ ಎಲಿಗೆ ಎಷ್ಟು ಬೆಳಕ ಸಿಗತೈತಿ, ಅಷ್ಟರಾಗ ಅವು ಎಷ್ಟು ಆಹಾರ ತಯಾರ ಮಾಡ್ತಾವ ಅಂತ ಪಾರಿಶ್ವಾಡದ ಗೌಡರೊಬ್ಬರ ಹೊಲದಾಗ ನೋಡಬೇಕಿತ್ತು. ವರದಿ ಸರಿ ಬಂದ್ರ ನೌಕರಿ ಕಾಯಂ. ನನಗ ಬೇಕಾಗಿದ್ದು ಅಷ್ಟ.

೧

ಹೊಲಕ್ಕ ಹೊಂಟಾಗ ಖಾನಾಪುರದ ಬಸ್ಸಿನಾಗ ನನ್ನ ತೊಡಿ ಮ್ಯಾಲಿನ ಡಬ್ಬಿ ನೋಡಿ ಕಂಡಕ್ಟರ್ ಕೇಳಿದ: "ಡಬ್ಬಿಯೊಳಗ ಏನೈತ್ರಿ?"

"ಬೆಳಕ ಅಳಿಯೂ ಯಂತ್ರ."

ಉದ್ಯಮಬಾಗದಾಗ ಇಳಿಯಾಕ ಎದ್ದಿದ್ದ ಕಾರ್ಮಿಕನೊಬ್ಬ ಬಾಗಲದಾಗನ ನಿಂತ. "ಸಾಹೇಬ್ರ, ನಮ್ಮ ಓಣ್ಯಾಗ ವಾರ ಆತು ಕರೆಂಟ್ ಇಲ್ಲ. ಅಲ್ಲೀದೂ ಅಳದು ಸೊನ್ನಿ ಅಂತ ಬರ್ಕೋರಿ!"

೨

ಅಳಿಯೂ ಎಲಿ ಗುರ್ತ ಸಿಗಲಿ ಅಂತ ಹನ್ನೆರಡು ಎಲಿಗೆ ಕೆಂಪ ದಾರ ಕಟ್ಟಿದ್ದೆ. ಮುಂದಿನ ವಾರ ಹೋಗಿ ನೋಡತೀನಿ, ಹೊಲದ ತುಂಬ ಕೆಂಪ ದಾರ! ನನ್ನವು ಯಾವು, ಊರಿನವರವು ಯಾವು, ಆ ಶಿವಗ ಗೊತ್ತು. ಕಳೆ ತಗಿಯಾಕ ಬಂದಿದ್ದ ಹೆಣ್ಮಕ್ಕಳ ಮ್ಯಾಲ ಒದರಾಡಿದೆ.

ಒಬ್ಬ ಮುದುಕಿ ಸೊಂಟದ ಮ್ಯಾಲ ಕೈ ಇಟ್ಟು ಅಂದ್ಲು: "ಯಪ್ಪಾ, ಹರಕಿ ನಿನ್ನ ಒಬ್ಬಂದಽ ಏನ? ನಮ್ಮ ಸೊಸಿಗೂ ಕೂಸ ಆಗಬೇಕಲ್ಲೊ?"

೩

ನನ್ನನ್ನ ಕಾಯಂ ಮಾಡೂ ದೊಡ್ಡ ಸಾಹೇಬರು ಹೊಲಕ್ಕ ಬಂದ್ರು. ಮೂರು ತಿಂಗಳು ನನ್ನ ಬಾಯಾಗ "ಕೆಳಗಿನ ಎಲಿಗೆ ಬಿಸಲ ಇಲ್ಲ" ಅನ್ನೂದ ಕೇಳಿ ಕೇಳಿ ಗೌಡರ ಕರಳ ಚುರ್ ಅಂದಿತ್ತು. ಜೀಪ ಇಳದು ನೋಡತೀವಿ, ನನ್ನ ಸಾಲಿನ ಸುತ್ತ ಕಬ್ಬಿಗೆ ಒಂದ ಸೋಗಿ ಇಲ್ಲ, ಒಂದ ಎಲಿ ಇಲ್ಲ, ಬೋಳೋ ಬೋಳ! ನನ್ನ ಎಲಿಗಳ ಮ್ಯಾಲ ಬಿಸಲ ಧಗಧಗ ಬಿದ್ದೈತಿ.

"ಏನ ಮಾಡಿದ್ರಿ ಗೌಡ್ರ!"

"ಸಾಹೇಬರು ಬರೂ ದಿನಾನೂ ನಿಮ್ಮ ಎಲಿ ಕತ್ತಲದಾಗ ಇರಬೇಕೇನ್ರಿ? ಮ್ಯಾಲಿಂದು, ಸುತ್ತಲಿಂದು ಎಲ್ಲಾ ಸವರಿ ಎಮ್ಮಿಗೆ ಹಾಕೇನಿ."

ಸಾಹೇಬರು ನನ್ನ ಕಡೆ ತಿರುಗಿದ್ರು. "ಎಲ್ಲೈತೆಪಾ ನಿನ್ನ ನೆರಳು?"

ನನಗ ಅಳೂದೊಂದ ಬಾಕಿ.

"ನೆರಳ ಬೇಕಾಗಿತ್ತೇನ್ರಿ? ಮೊದಲ ಹೇಳಬಾರದ?" ಅಂದವರ ಗೌಡರು ಬಗಲಾಗಿನ ಛತ್ರಿ ಬಿಚ್ಚಿ ಎಲಿ ಮ್ಯಾಲ ಹಿಡದ್ರು. "ಹೂಂ, ಅಳೀರಿ. ಸಂಜೀತನಕ ಹಿಡೀತೀನಿ."

ಸಾಹೇಬರು ಛತ್ರಿ ನೋಡಿದ್ರು, ಗೌಡರನ್ನ ನೋಡಿದ್ರು, ಕಡೀಕ ನನ್ನ ನೋಡಿದ್ರು.

"ನೀ ಇನ್ನೊಂದು ವರ್ಷ ಹಂಗಾಮೀನ ಇರು. ಗೌಡ್ರ, ನೀವು ನಾಳೆ ಕಚೇರಿಗೆ ಬರ್ರಿ, ನಿಮ್ಮನ್ನ ಕಾಯಂ ಮಾಡ್ತೀನಿ!"