ಎಡಬದಿಯ ಶರತ್ಕಾಲ

ಒಮಾನಿನಲ್ಲಿ ಎಲೆ ಉದುರುವ ಕಾಲ ಎಂಬುದೊಂದು ಇದೆ ಎಂದು ನಂಬಿರುವ ಮನುಷ್ಯರು ಇಡೀ ದೇಶಕ್ಕೆ ಒಬ್ಬರೇ. ಆ ಒಬ್ಬರು ನನ್ನ ಸೊಸೆ! ನಾವಿರುವ ಇಬ್ರಿಯಲ್ಲಿ ಇರುವುದೇ ಎರಡು ಕಾಲ. ಒಂದು ಸುಡುವ ಕಾಲ, ಇನ್ನೊಂದು ಸುಟ್ಟದ್ದು ಆರುವ ಕಾಲ. ಸುತ್ತ ಬೋಳು ಗುಡ್ಡ, ನಡುವೆ ಖರ್ಜೂರದ ಮರ. ಅದು ಎಲೆ ಉದುರಿಸುವ ಜಾತಿಯೇ ಅಲ್ಲ. ಒಣಗಿದ ಗರಿಯನ್ನು ಕೂಡ ಯಾರಾದರೂ ಹತ್ತಿ ಕಡಿಯುವವರೆಗೆ ಹಿಡಿದುಕೊಂಡೇ ಇರುತ್ತದೆ. ಹೀಗಿದ್ದರೂ ಅಕ್ಟೋಬರ್ ಬಂತೆಂದರೆ ನನ್ನ ಸೊಸೆ ತನ್ನ ಮಲಗುವ ಕೋಣೆಗೆ ಶರತ್ಕಾಲ ತರಿಸುತ್ತಾಳೆ. ಈ ವರ್ಷವೂ ತರಿಸಿದಳು. ಗಂಡ, ಎಂದರೆ ನನ್ನ ಮಗ, ಅರ್ಧ ಮೈ ಬಿದ್ದು ಅದೇ ಕೋಣೆಯಲ್ಲಿ ಮಲಗಿರುವಾಗ!

ಇಂಥವಳನ್ನು ಏನನ್ನಬೇಕು? ಅನ್ನುವುದನ್ನೆಲ್ಲ ನಾನು ಅಂದಾಗಿದೆ. ನನ್ನದು ಬೀಗ ಇಲ್ಲದ ಬಾಯಿ. ಓದು ನಾಲ್ಕನೇ ಕ್ಲಾಸಿಗೆ ನಿಂತಿತು, ಮಾತು ನಿಲ್ಲಲಿಲ್ಲ.

ಮೊದಲು ಅವಳ ಹುಚ್ಚಿನ ವಿಷಯ ಹೇಳುತ್ತೇನೆ. ಅದರ ಬೇರು ಫೋನಿನಲ್ಲಿದೆ. ಅದರೊಳಗೆ ಯಾವುದೋ ಚಳಿ ದೇಶದ ಹೆಂಗಸರು ಹಾಸಿಗೆಯ ಮೇಲೆ ಕುಂಬಳಕಾಯಿ ಇಟ್ಟು ನಗುತ್ತಿರುತ್ತಾರೆ. (ಕುಂಬಳಕಾಯಿಯನ್ನು ಹಾಸಿಗೆಯಲ್ಲಿ ಇಡುವವರು ಸಾಂಬಾರನ್ನು ಎಲ್ಲಿ ಕುದಿಸುತ್ತಾರೋ!) ನಮ್ಮವಳು ಅಷ್ಟು ದೂರ ಹೋಗುವುದಿಲ್ಲ. ಅವಳದ್ದು ‘ಸಟಲ್’ ಅಂತೆ. ಹಾಗೆಂದರೆ ಮಾಡಬೇಕು, ಆದರೆ ಮಾಡಿದ್ದು ಕಣ್ಣಿಗೆ ಹೊಡೆಯಬಾರದು. ಬೇಸಗೆಯ ಬಿಳಿ ದಿಂಬಿನ ಚೀಲ ಹೋಗಿ ಒಂದು ಕಂದು ಚೀಲ ಬರುತ್ತದೆ. ಮೇಜಿನ ದೀಪಕ್ಕೆ ಸ್ವಲ್ಪ ಹಳದಿ ಬಲ್ಬು. ಮೂಲೆಯಲ್ಲಿ ಒಂದು ಬುಟ್ಟಿ, ಅದರಲ್ಲಿ ಏನೂ ಇಲ್ಲ. ಅಷ್ಟೇ. ಮಾಡಿ ಮುಗಿಸಿದ ಮೇಲೆ ನಮ್ಮನ್ನೆಲ್ಲ ಬಾಗಿಲಲ್ಲಿ ಸಾಲಾಗಿ ನಿಲ್ಲಿಸಿ ಕೇಳುತ್ತಾಳೆ: “ಎಂತ ಬದಲಾಗಿದೆ, ಹೇಳಿ ನೋಡುವ!”

ಕಾಣಬಾರದು ಎಂದು ಮಾಡಿದ್ದು ನಮಗೆ ಕಾಣುವುದಿಲ್ಲ. ಕಾಣಲಿಲ್ಲ ಎಂದರೆ ಅವಳಿಗೆ ಸಿಟ್ಟು. ಇದಕ್ಕೆ ಏನು ಮಾಡುವುದು? ಹತ್ತು ವರ್ಷದ ನನ್ನ ಮೊಮ್ಮಗಳು ಮಾತ್ರ “ಅಜ್ಜಿ, ಇಟ್ಸ್ ಸೋ ಆಬ್ವಿಯಸ್!” ಎಂದು ಕಣ್ಣು ತಿರುಗಿಸುತ್ತಾಳೆ. ಮಗ ಒಂದು ಉಪಾಯ ಕಂಡುಕೊಂಡಿದ್ದ. ಪ್ರತಿ ವರ್ಷವೂ ಒಂದೇ ಉತ್ತರ: “ಪರದೆ ಚಂದ ಉಂಟು.” ನಾಲ್ಕು ವರ್ಷ ಅದರಲ್ಲೇ ದಾಟಿದ. ಐದನೇ ವರ್ಷ ಹಾಗೆಯೇ ಹೇಳಿದಾಗ ಕಿಟಕಿ ಬೋಳಾಗಿತ್ತು. ಪರದೆ ಒಗೆಯಲಿಕ್ಕೆ ಹೋಗಿತ್ತು!

ಬಣ್ಣದ ವಿಷಯದಲ್ಲೂ ನನಗೂ ಅವಳಿಗೂ ಒಮ್ಮೆ ಹತ್ತಿಕೊಂಡಿತು.

“ಇದೆಂತ ಬಣ್ಣ ಮಾರಾಯ್ತಿ, ಈ ದಿಂಬಿಗೆ?”

“ರಸ್ಟ್, ಅತ್ತೆ.”

“ಹಾಗಂದ್ರೆ?”

“ತುಕ್ಕು. ತುಕ್ಕಿನ ಬಣ್ಣ.”

“ನಮ್ಮ ಊರ ಗೇಟಿಗೆ ಅದು ಪುಕ್ಕಟೆ ಹಿಡೀತದೆ. ಉಜ್ಜಿ ತೆಗೀಲಿಕ್ಕೆ ನಾವು ಜನ ಮಾಡ್ತೇವೆ. ನೀನು ಅಂಗಡಿಗೆ ಹೋಗಿ ತರ್ತೀ!”

ಅವಳು ದಿಂಬನ್ನು ಎರಡು ಸಲ ತಟ್ಟಿದಳು. ಆ ಎರಡು ಏಟು ನನಗೆ ಎಂದು ನನಗೆ ಗೊತ್ತು.

ಇನ್ನು ಎಲೆ. ಶರತ್ಕಾಲಕ್ಕೆ ಒಣ ಎಲೆ ಬೇಕಲ್ಲ! ಇಡೀ ಊರು ಹುಡುಕಿ ಪಾರ್ಕಿನಲ್ಲಿ ಒಂದು ಬಾದಾಮಿ ಮರ ಕಂಡುಹಿಡಿದಳು. ಅದರ ಎಲೆ ಕೆಂಪಾಗಿ ಬೀಳುತ್ತದೆ. ಸಂಜೆ ಹೋಗಿ ಹೆಕ್ಕತೊಡಗಿದಳು. ಅಲ್ಲಿ ಗುಡಿಸುವ ಬಾಂಗ್ಲಾದ ಮುದುಕ ಮೊದಲ ದಿನ ಅವಳನ್ನು ನೋಡಿ ಹೆದರಿದ, ತನ್ನ ಕೆಲಸಕ್ಕೆ ಬೇರೆ ಜನ ಇಟ್ಟಿದ್ದಾರೆಂದು. ವಿಷಯ ತಿಳಿದ ಮೇಲೆ ದಿನವೂ ಒಂದು ಚೀಲ ತುಂಬಿಸಿಟ್ಟು ಕಾಯುತ್ತಿದ್ದ: “ಮೇಡಂ, ಆಜ್ ಕಾ ಕಚರಾ ಬಹುತ್ ಅಚ್ಛಾ ಹೈ!” ಆ ಒಳ್ಳೆಯ ಕಸ ಗಾಜಿನ ಭರಣಿಯಲ್ಲಿ ಕೂತು ಮಂಚದ ಬದಿಗೆ ಬಂತು. ಅದರೊಳಗಿಂದ ಇರುವೆಗಳು ಹೊರಟು ಮಗನ ಬೆನ್ನಿಗೆ ಬಂದವು. “ಈ ಬದಲಾವಣೆ ಮಾತ್ರ ನಂಗೆ ಗೊತ್ತಾಯ್ತು” ಎಂದ ಮಗ, ಬೆನ್ನು ಕೆರೆಯುತ್ತ. ನಾವು ನಕ್ಕದ್ದೇ ನಕ್ಕದ್ದು. ಅವಳೂ ನಕ್ಕಳು. ಅದು ಹೋದ ವರ್ಷ.

ಈ ಜೂನಿನಲ್ಲಿ ಮಗನ ತಲೆಯೊಳಗೆ ರಕ್ತ ಹೆಪ್ಪುಗಟ್ಟಿತು. ನಿಜ್ವಾ ಪಟ್ಟಣದ ಆಸ್ಪತ್ರೆಯಲ್ಲಿ ಇಪ್ಪತ್ತು ದಿನ ಇದ್ದು ಜೀವ ಉಳಿಸಿಕೊಂಡು ಬಂದ. ಎಡಗೈ, ಎಡಗಾಲು ಸೋತಿದ್ದವು. ಅದು ನಮಗೆ ಅರ್ಥವಾಗುವ ಕಾಯಿಲೆ. ಅರ್ಥವಾಗದ್ದು ಇನ್ನೊಂದು. ಎಡಬದಿ ಎಂಬುದೇ ಅವನಿಗೆ ಇಲ್ಲವಾಗಿತ್ತು. ಕಣ್ಣು ಸರಿಯಾಗಿದೆ, ಆದರೆ ಎಡಕ್ಕೂ ಲೋಕ ಇದೆ ಎಂಬುದು ತಲೆಗೆ ಹೋಗುವುದಿಲ್ಲ. ಬಂದರೆ ಬರಬಹುದು, ಬರದೆಯೂ ಇರಬಹುದು, ಆರು ತಿಂಗಳು ನೋಡುವ ಎಂದರು ಡಾಕ್ಟರು. ಅವನು ಕೆಲಸ ಮಾಡುವ ಕಂಪನಿಯೂ ಆರು ತಿಂಗಳು ನೋಡುವ ಎಂದಿತು. ಅಂದಿನಿಂದ ಈ ಮನೆಯಲ್ಲಿ ಬೇರೆ ವಿಷಯವೇ ಇಲ್ಲ. ಎಡಬದಿ ಬರುತ್ತದೋ, ಇಲ್ಲವೋ?

ಮೊದಮೊದಲು ನನಗೆ ಇದು ತಿಳಿಯಲೇ ಇಲ್ಲ. ತಟ್ಟೆಯಲ್ಲಿ ಬಲಬದಿಯ ಅನ್ನ ಉಂಡು ತಟ್ಟೆ ಸರಿಸುತ್ತಿದ್ದ, ಎಡಬದಿಯ ಪಲ್ಯ ಹಾಗೆಯೇ. ನನ್ನ ಕೈರುಚಿ ಹೋಯಿತೆಂದು ನಾನು ಎರಡು ದಿನ ಮುಖ ಊದಿಸಿಕೊಂಡೆ. ಸೊಸೆ ಬಂದು ತಟ್ಟೆಯನ್ನು ತಿರುಗಿಸಿದಳು. “ಓ, ಪಲ್ಯ ಯಾವಾಗ ಬಡಿಸಿದ್ದು?” ಎಂದು ಅದನ್ನೂ ತಿಂದ. ಇನ್ನೊಂದು ದಿನ ಕೂತಲ್ಲೇ ಗಡ್ಡ ಬೋಳಿಸಿಕೊಂಡ, ಬಲಗೆನ್ನೆಗೆ ಮಾತ್ರ. ನಾನು ನಕ್ಕುಬಿಟ್ಟೆ. ನಗಬಾರದಿತ್ತು. ಆದರೆ ಅರ್ಧ ಮದುಮಗ, ಅರ್ಧ ಸನ್ಯಾಸಿಯ ಹಾಗೆ ಕೂತರೆ ಏನು ಮಾಡಬೇಕು?

ನಗು ನಿಂತದ್ದು ಬೇರೆ ವಿಷಯಕ್ಕೆ. ನಮ್ಮಲ್ಲಿ ಹೆಂಡತಿಯ ಜಾಗ ಗಂಡನ ಎಡಕ್ಕೆ. ಹಸೆಯಲ್ಲೂ ಎಡಕ್ಕೆ, ಮಂಚದಲ್ಲೂ ಎಡಕ್ಕೆ. ಮದುವೆಯ ಹೊಸತರಲ್ಲಿ ಇವಳು ಫ್ಯಾನಿನ ಗಾಳಿ ಚೆನ್ನಾಗಿ ಬರುತ್ತದೆಂದು ಬಲಕ್ಕೆ ಮಲಗಿದ್ದಳು. ಬೆಳಿಗ್ಗೆ ಹಾಸಿಗೆ ಸರಿಮಾಡಲು ಹೋದ ನಾನು ಅವಳ ದಿಂಬು ಬಲಕ್ಕಿರುವುದು ನೋಡಿ ಗದರಿಸಿ ಎಡಕ್ಕೆ ಹಾಕಿಸಿದ್ದೆ. ಹದಿನೆಂಟು ವರ್ಷ ಅಲ್ಲೇ ಮಲಗಿದಳು. ಈಗಲೂ ಅಲ್ಲೇ. ಮಗ ದಿನಾ ನನ್ನನ್ನು ಕೇಳುತ್ತಿದ್ದ:

“ಅಮ್ಮ, ಅವಳೆಲ್ಲಿ?”

ಅವಳು ಅವನ ಎಡಬದಿಯಲ್ಲಿ, ಒಂದು ಗೇಣು ದೂರದಲ್ಲಿ, ಅವನ ಸೋತ ಕೈಗೆ ಎಣ್ಣೆ ತಿಕ್ಕುತ್ತ ಕೂತಿರುತ್ತಿದ್ದಳು.

“ಇಲ್ಲೇ ಇದ್ದೇನೆ” ಎನ್ನುತ್ತಿದ್ದಳು. ಅವನು ಬಲಕ್ಕೆ, ಬಾಗಿಲ ಕಡೆಗೆ ನೋಡುತ್ತಿದ್ದ. ಮೊಮ್ಮಗಳು ನನ್ನ ಸೆರಗು ಎಳೆದು ಕೇಳಿದಳು, “ಅಜ್ಜಿ, ಡ್ಯಾಡಿ ಅಮ್ಮನನ್ನು ಡಿಲೀಟ್ ಮಾಡಿದ್ದಾರಾ?” ಹೋಗಿ ಹೋಂವರ್ಕ್ ಮಾಡು ಎಂದೆ.

ನಾನು ಸೊಸೆಗೆ ನೇರವಾಗಿ ಹೇಳಿದೆ. “ಬಲಕ್ಕೆ ಬಂದು ಮಲಗು. ಎಡ ಎಂದು ಗದರಿಸಿದವಳು ನಾನೇ, ಈಗ ಬಲ ಎನ್ನುವವಳೂ ನಾನೇ. ದೇವರು ಏನೂ ಎಣಿಸುವುದಿಲ್ಲ.”

“ಬೇಡ ಅತ್ತೆ.”

“ಹಟ ಎಂತಕ್ಕೆ?”

“ಬೇಡ ಅಂದೆನಲ್ಲ.”

ಹೀಗಿರುವಾಗ ಅಕ್ಟೋಬರ್ ಬಂತು. ಹಗಲಿಗೂ ಏಸಿ ನಿಲ್ಲಿಸಬಹುದಾದ ಮೊದಲ ದಿನ ಅವಳು ಸ್ಟೂಲು ಹತ್ತಿ ಅಟ್ಟದಿಂದ ಡಬ್ಬ ಇಳಿಸಿದಳು. ತುಕ್ಕಿನ ದಿಂಬು, ಹಳದಿ ಬಲ್ಬು, ಖಾಲಿ ಬುಟ್ಟಿ, ಭರಣಿ. ನನಗೆ ಮೈ ಉರಿಯಿತು. ಮನೆಯಲ್ಲಿ ಗಂಡಸು ಬಿದ್ದಿರುವಾಗ ಕೋಣೆಗೆ ಸಿಂಗಾರವೇ? ಅದೂ ಹೇಗೆ? ಎಲ್ಲವೂ ಎಡಕ್ಕೆ! ದೀಪ ಎಡಕ್ಕೆ, ಭರಣಿ ಎಡಕ್ಕೆ, ಗೋಡೆಗೆ ಒಂದು ಕೇಸರಿ ಬಟ್ಟೆ, ಅದೂ ಎಡಗೋಡೆಗೆ. ಬಲಬದಿಯನ್ನು ಪೂರ್ತಿ ಬೋಳು ಮಾಡಿದಳು. ಅವನ ನೀರಿನ ಲೋಟವನ್ನೂ, ಫೋನನ್ನೂ, ಕ್ಯಾಲೆಂಡರನ್ನೂ ಎಡಕ್ಕೆ ಸಾಗಿಸಿದಳು. ನನ್ನ ಮಗ ಬೋಳು ಗೋಡೆ ನೋಡುತ್ತ ಕೂತ. ಜೈಲಿನಲ್ಲಿ ಇದ್ದ ಹಾಗೆ.

ಮರುದಿನ ಅವಳು ಸಾಮಾನು ತರಲು ಹೋದಾಗ ನಾನು ಸೆರಗು ಸಿಕ್ಕಿಸಿ ಎಲ್ಲವನ್ನೂ ಬಲಕ್ಕೆ ಹಾಕಿದೆ. ಈ ವಯಸ್ಸಿನಲ್ಲಿ ಮೇಜು ಎಳೆಯುವುದು ಸುಲಭವೇ? ಎಳೆದೆ. ಮಗನ ಮುಖ ಅರಳಿತು. “ಓ, ಚಂದ ಉಂಟು ಅಮ್ಮ! ಇದು ಅವಳು ಮಾಡಿದ್ದಾ?” ಎಂದ. ಲೋಟ ತಾನೇ ತೆಗೆದು ನೀರು ಕುಡಿದ. ನಾನು ದೊಡ್ಡ ಘನಕಾರ್ಯ ಮಾಡಿದವಳ ಹಾಗೆ ಬಾಗಿಲಲ್ಲೇ ಕಾದು ಕೂತು, ಸೊಸೆ ಚೀಲ ಇಳಿಸುವ ಮೊದಲೇ ಹೇಳಿದೆ.

ಅವಳು ಕೋಣೆಗೆ ಹೋಗಿ ನೋಡಿದಳು. ತಿರುಗಿ ಅಡುಗೆಮನೆಗೆ ಬಂದಳು. ಹದಿನೆಂಟು ವರ್ಷದಲ್ಲಿ ನನಗೆ ಎದುರು ಸ್ವರ ಎತ್ತದವಳು ಎತ್ತಿದಳು.

“ಯಾರು ಹೇಳಿದ್ದು ನಿಮಗೆ ಮುಟ್ಲಿಕ್ಕೆ?”

“ಅವನಿಗೆ ಕಾಣಲಿ ಅಂತ...”

“ಬಲದಲ್ಲೇ ಎಲ್ಲ ಸಿಕ್ಕಿದ್ರೆ ಅವರು ಎಡಕ್ಕೆ ಯಾಕೆ ಬರ್ತಾರೆ ಅತ್ತೆ? ನೀರು ಬಲದಲ್ಲಿ, ಬೆಳಕು ಬಲದಲ್ಲಿ, ನೀವು ಬಲದಲ್ಲಿ! ನಾನೂ ಬಲಕ್ಕೆ ಬಂದು ಕೂತ್ರೆ ಖಲಾಸ್, ಇನ್ನು ಅವರು ಎಡಕ್ಕೆ ತಿರುಗುವುದೇ ಇಲ್ಲ. ಅಲ್ಲಿ ಏನಾದ್ರೂ ಇರ್ಬೇಕಲ್ಲ, ತಿರುಗ್ಲಿಕ್ಕೆ? ಆಸ್ಪತ್ರೆಯ ಥೆರಪಿಯವಳು ಸಾವಿರ ಸಲ ಹೇಳಿದ್ದಾಳೆ!”

ಥೆರಪಿಯವಳು ಹೇಳುವಾಗ ನಾನೂ ಅಲ್ಲೇ ಇದ್ದೆ. ಅವಳ ಇಂಗ್ಲಿಷಿಗೆ ತಲೆಯಾಡಿಸುತ್ತ ಇದ್ದೆ.

ಇಬ್ಬರೂ ಸೇರಿ ಮೇಜನ್ನು ತಿರುಗಿ ಎಡಕ್ಕೆ ಎಳೆದೆವು. ಅವಳು ದಿಂಬು ತಟ್ಟಿದಳು. ಮತ್ತೆ ಗಂಡನಿಗೆ ಬಲಬದಿಯಿಂದ ಮುಖ ತೋರಿಸಿ, ಬಾಗಿಲಲ್ಲಿ ನಮ್ಮನ್ನು ನಿಲ್ಲಿಸಿ ಕೇಳುತ್ತಿದ್ದ ಅದೇ ಸ್ವರದಲ್ಲಿ ಕೇಳಿದಳು, “ಎಂತ ಬದಲಾಗಿದೆ, ಹೇಳಿ ನೋಡುವ!” ಕೇಳಿ ಎಡಬದಿಗೆ ಹೋಗಿ ಕೂತಳು. ಅವನು ಬೋಳು ಗೋಡೆಯನ್ನು ಬಹಳ ಹೊತ್ತು ನೋಡಿದ. “ಎಲ್ಲ ತೆಗೆದಿದ್ದಿ” ಎಂದ.

ದಿನವೂ ಕೇಳಿದಳು. ದಿನವೂ ಎಡಕ್ಕೆ ಏನಾದರೊಂದು ಹೊಸತು ಇಟ್ಟಳು. ಒಂದು ದಿನ ಬಟ್ಟಲಲ್ಲಿ ದಾಳಿಂಬೆ, ಒಂದು ದಿನ ಪಾರ್ಕಿನ ಒಳ್ಳೆಯ ಕಸ, ಒಂದು ದಿನ ಲೋಬಾನದ ಹೊಗೆ. ಹೊಗೆ ಬಲಕ್ಕೂ ಬಂತು. ಅವನು ಕೆಮ್ಮಿದ, ತಿರುಗಲಿಲ್ಲ. ಅವನ ಕತ್ತು ಎಡಕ್ಕೆ ಒಂದು ಬೆರಳಷ್ಟು ಸರಿಯಿತು ಎಂದು ಒಮ್ಮೆ ಅವಳು ಕುಣಿದಳು. ನನಗೇನೂ ಕಾಣಲಿಲ್ಲ. ಕಾಣಲಿಲ್ಲ ಎಂದೇ ಹೇಳಿದೆ. ಸುಳ್ಳು ಹೇಳಿ ಸಮಾಧಾನ ಮಾಡುವ ವಿದ್ಯೆ ನನಗೆ ಬರುವುದಿಲ್ಲ.

ಡಿಸೆಂಬರಿನಲ್ಲಿ ನಿಜ್ವಾಕ್ಕೆ ಹೋದೆವು. ಕಾರು ಅವಳೇ ಬಿಟ್ಟಳು. ಡಾಕ್ಟರು ಕಾಗದ, ಪೆನ್ನು ಕೊಟ್ಟು ಗಡಿಯಾರ ಬರೆಯಲು ಹೇಳಿದರು. ಮಗ ದುಂಡಗೆ ಸುತ್ತು ಹಾಕಿ ಹನ್ನೆರಡು ಅಂಕೆಗಳನ್ನೂ ಬಲಬದಿಯಲ್ಲೇ ಒತ್ತಿ ತುಂಬಿಸಿದ, ಬಸ್ಸಿನಲ್ಲಿ ಜನ ತುಂಬಿದ ಹಾಗೆ. ಕಂಪನಿಯ ಉತ್ತರ ಅದೇ ವಾರ ಬಂತು. ಕೆಲಸ ಇಲ್ಲ, ತಿಂಗಳ ಕೊನೆಗೆ ವೀಸಾ ರದ್ದು. ಕಂಪನಿಯವರು ಮರ್ಯಾದೆಯಿಂದಲೇ ಮಾತಾಡಿದರು. ಮರ್ಯಾದೆಯಿಂದ ಮಾತಾಡಿದರೆ ಬೈಯಲಿಕ್ಕೂ ಆಗುವುದಿಲ್ಲ!

ಮನೆ ಖಾಲಿ ಮಾಡಬೇಕು. ಹಜಾರದಲ್ಲಿ ರಟ್ಟಿನ ಪೆಟ್ಟಿಗೆಗಳು ಎದ್ದವು. ಸೋಫಾ ಹೋಯಿತು, ವಾಷಿಂಗ್ ಮಷೀನು ಹೋಯಿತು. ಮಲಗುವ ಕೋಣೆಯನ್ನು ಮಾತ್ರ ಅವಳು ಮುಟ್ಟಲು ಬಿಡಲಿಲ್ಲ. “ನಿನ್ನ ಶರತ್ಕಾಲ ಮುಗಿಲಿಲ್ವಾ ಇನ್ನೂ?” ಎಂದೆ. “ಇಲ್ಲ” ಎಂದಳು. ಆ ಶುಕ್ರವಾರ ಮಧ್ಯಾಹ್ನ ಅವಳು ಮಂಚದ ಎಡಬದಿಯಲ್ಲಿ ಕೂತು ದಿಂಬಿನ ಚೀಲಕ್ಕೆ ಬಿಟ್ಟುಹೋದ ಹೊಲಿಗೆ ಹಾಕುತ್ತಿದ್ದಳು. ಇನ್ನು ಹತ್ತು ದಿನದಲ್ಲಿ ಬಿಟ್ಟುಹೋಗುವ ಕೋಣೆಯ ದಿಂಬಿಗೆ!

ನಾನು ಚಹಾ ಹಿಡಿದುಕೊಂಡು ಹೋದೆ. ಅಭ್ಯಾಸದಂತೆ ಬಲಬದಿಯಿಂದ. ಮಗ ನನ್ನನ್ನು ನೋಡಲಿಲ್ಲ. ಲೋಟ ಮೂಗಿನ ಹತ್ತಿರ ಹಿಡಿದೆ, ಆಗಲೂ ನೋಡಲಿಲ್ಲ. ಈಗ ಬಲವೂ ಹೋಯಿತೇ ದೇವರೇ ಎಂದುಕೊಂಡೆ. ಆಮೇಲೆ ಕಂಡಿತು. ಅವನ ತಲೆ ಎಡಕ್ಕೆ ತಿರುಗಿತ್ತು. ಎಷ್ಟು ಹೊತ್ತಿನಿಂದ ತಿರುಗಿತ್ತೋ. ಅವನು ದೀಪ ನೋಡುತ್ತಿರಲಿಲ್ಲ, ಭರಣಿ ನೋಡುತ್ತಿರಲಿಲ್ಲ, ಗೋಡೆಯ ಬಟ್ಟೆಯನ್ನೂ ನೋಡುತ್ತಿರಲಿಲ್ಲ.

“ನೀನೆಂತ ಇಷ್ಟು ಸಪೂರ ಆದದ್ದು?” ಎಂದ.

ಅವಳ ಕೈಯ ಸೂಜಿ ನಿಂತಿತು. ತಲೆ ಎತ್ತಲಿಲ್ಲ. ಎತ್ತಿದರೆ ಅವನ ನೋಟ ಎಲ್ಲಿ ಹಾರಿಹೋಗುತ್ತದೋ ಎಂಬ ಹಾಗೆ ಕೂತೇ ಇದ್ದಳು.

“ಡಯಟ್” ಎಂದಳು.

“ಸುಳ್ಳು.”

ನಾನು ಅವಳನ್ನು ನೋಡಿದೆ. ಕುಪ್ಪಸದ ತೋಳು ಬಾವಿಯ ಹಾಗೆ ಅಗಲವಾಗಿತ್ತು. ಕೊರಳಿನ ಎಲುಬು ಎದ್ದಿತ್ತು. ಆರು ತಿಂಗಳು ದಿನಕ್ಕೆ ಮೂರು ಹೊತ್ತು ಅವಳ ಎದುರು ಕೂತು ಉಂಡವಳು ನಾನು. ನನಗೆ ಎಡವೂ ಸರಿ ಇತ್ತು, ಬಲವೂ ಸರಿ ಇತ್ತು.

ಅಡುಗೆಮನೆಗೆ ಹೋಗಿ ಎರಡು ದೋಸೆ ಹೊಯ್ದೆ. ತುಪ್ಪದ ಬಾಟಲಿ ಪೆಟ್ಟಿಗೆಯೊಳಗೆ ಹೋಗಿತ್ತು. ಕಟ್ಟಿದ ಪೆಟ್ಟಿಗೆ ಬಿಚ್ಚಿ ತೆಗೆದೆ. ತಟ್ಟೆ ಹಿಡಿದು ಈ ಸಲ ಮಂಚ ಸುತ್ತಿ ಎಡಬದಿಗೆ ಹೋದೆ.

“ಅತ್ತೆ, ನಂಗೆ ಬೇಡ, ಹಸಿವಿಲ್ಲ.”

“ತಿನ್ನು” ಎಂದೆ. “ಅವನು ನೋಡ್ತಾ ಇದ್ದಾನೆ. ತಿನ್ನು.”