ತಿಮ್ಮಪ್ಪನನ್ನು ಬಯ್ಯುವ ಅತ್ತೆ

ನಮ್ಮ ತುರುವೇಕೆರೆ ಸೀಮೆಯಲ್ಲಿ ತಿಮ್ಮಪ್ಪ ಯಾರಿಗಾದರೂ ಹೆದರುತ್ತಾನೆ ಎಂದರೆ ಅದು ನನ್ನ ಸೋದರತ್ತೆಗೆ ಮಾತ್ರ! ಜನ ದೇವರಿಗೆ ಕೈಮುಗಿಯುತ್ತಾರೆ. ಈಕೆ ಸೊಂಟಕ್ಕೆ ಕೈಯಿಟ್ಟು ನಿಲ್ಲುತ್ತಾಳೆ.

ಒಂದು ಶನಿವಾರ ಊರ ಗುಡಿಯ ಅರ್ಚಕರು, "ಅಮ್ಮಾ, ಮಂಗಳಾರತಿ ಹೊತ್ತಾಯ್ತು, ಸ್ವಲ್ಪ ಸರೀರಿ" ಎಂದರು.

"ತಡೀರಿ ಸ್ವಾಮಿ, ನಮ್ಮಿಬ್ರ ಮಾತು ಇನ್ನೂ ಮುಗುದಿಲ್ಲ!"

ಅರ್ಚಕರು ಏನು ಮಾಡಬೇಕು? ಕರ್ಪೂರ ಹಿಡಿದುಕೊಂಡು ಕಾದರು.

ತೋಟಕ್ಕೆ ನುಸಿರೋಗ ಬಂದ ವರ್ಷವಂತೂ ಆಕೆ ಗುಡಿಯಲ್ಲಿ ಕಾಯಿ ಒಡೆಯುವುದನ್ನೇ ನಿಲ್ಲಿಸಿದಳು. ತೆಂಗಿನ ಸೀಮೆಯ ದೇವರಿಗೆ ಬರೀ ಬೆಲ್ಲದಚ್ಚು! "ಕಾಯಿ ಬೇಕಾದ್ರೆ ಮೊದ್ಲು ಮರ ಕಾಯ್ಕೊ" ಎಂದು ಹೇಳಿಬಂದಳು. ಮುಂದಿನ ವರ್ಷ ಗೊನೆ ಚೆನ್ನಾಗಿ ಬಂದಾಗ, "ಹೆದ್ರುಸಿದ್ರೆ ಕೇಳ್ತಾನೆ ಕಣೇ" ಎಂದಳು.

ಹೋದ ವರ್ಷ ನನ್ನ ಎದೆಯಲ್ಲಿ ಗಂಟೊಂದು ಕಾಣಿಸಿತು. ಚೂರು ತೆಗೆದು ಪರೀಕ್ಷೆಗೆ ಕಳಿಸಿದ ಡಾಕ್ಟರು ವಾರ ಬಿಟ್ಟು ಬನ್ನಿ ಎಂದರು. ಆ ವಾರ ನನ್ನ ಜೊತೆಗಿರಲು ಅತ್ತೆ ತಿಪಟೂರಿನ ನಮ್ಮ ಮನೆಗೆ ಬಂದಳು. ಇನ್ನು ತಿಮ್ಮಪ್ಪನ ಕಥೆ ಮುಗಿಯಿತು ಎಂದುಕೊಂಡೆ. ಆದರೆ ಆಕೆ ಒಂದೇ ಒಂದು ಮಾತು ಅನ್ನಲಿಲ್ಲ! ದೀಪ ಹಚ್ಚಿ ಸುಮ್ಮನೆ ಕೂರುತ್ತಿದ್ದಳು. ಗಂಟಿಗಿಂತ ಆ ಮೌನವೇ ನನಗೆ ಹೆಚ್ಚು ಭಯ ಹುಟ್ಟಿಸಿತು.

"ಯಾಕತ್ತೆ, ಅವನನ್ನ ಬಯ್ಯಲ್ವಾ?"

"ನನ್ ಕೂಸು ಜ್ವರದಾಗೆ ಹೋಯ್ತಲ್ಲ, ಆವಾಗ ವರ್ಷಗಟ್ಲೆ ಬಾಯಿಗೆ ಬಂದಂಗೆ ಬಯ್ದಿದ್ದೆ ಕಣೇ. ಅವ್ನು ಎದ್ದೋಗ್ಲಿಲ್ಲ. ನಾನು ಅತ್ತಾಗೆಲ್ಲ ಎದುರ್ಗೇ ಕೂತಿದ್ದ. ಮನೆಯೋರೂ ಅಷ್ಟು ಕೇಳಿಸ್ಕೊಳ್ಳಲಿಲ್ಲ. ಆಗ್ಲೇ ತಿಳೀತು, ನನ್ ಮೇಲೆ ಅವ್ನಿಗೆ ಪ್ರೀತಿ ಅದೆ ಅಂತ. ಈಗ ನಮ್ ಜೊತೇಲೇ ಹೆದ್ರುಕೊಂಡು ಕೂತವ್ನೆ. ಅಂಥೋನ್ನ ಹೆಂಗೆ ಬಯ್ಲಿ?"

ಅದುವರೆಗೂ ಬಾರದಿದ್ದ ಅಳು ನನಗೆ ಬಂತು. ಅತ್ತು ಮುಗಿದ ಮೇಲೆ, ಆ ವಾರದಲ್ಲಿ ಮೊದಲ ಸಲ, ಹೊಟ್ಟೆ ತುಂಬ ಮುದ್ದೆ ಉಂಡು ನಿದ್ದೆ ಮಾಡಿದೆ.

ವಾರ ಕಳೆದು ಇಬ್ಬರೂ ಆಸ್ಪತ್ರೆಗೆ ಹೋದೆವು. ಡಾಕ್ಟರು ರಿಪೋರ್ಟ್ ನೋಡಿ, "ಏನೂ ತೊಂದ್ರೆ ಇಲ್ಲ, ಕೆಟ್ಟ ಗಂಟಲ್ಲ" ಎಂದರು.

"ಇಷ್ಟು ಹೇಳಾಕೆ ನಿಮ್ಗೆ ಒಂದ್ ವಾರ ಬೇಕಾಯ್ತಾ?" ಎಂದು ಅತ್ತೆ ಅವರ ಮೇಲೇ ಹರಿಹಾಯ್ದಳು!

ನಾನು ನಕ್ಕುಬಿಟ್ಟೆ. ಹೊರಗೆ ಬೆಂಚಿನ ಮೇಲೆ ಕೂತಾಗಲೇ ನೋಡಿದ್ದು: ಬೆಳಗಿನಿಂದ ಆಕೆ ಹಿಡಿದುಕೊಂಡಿದ್ದ ನನ್ನ ಕೈತುಂಬ ಅವಳ ಉಗುರಿನ ಗುರುತು. ಅತ್ತೆ ಆ ಗುರುತುಗಳನ್ನು ಸೆರಗಿನಿಂದ ಒರೆಸುತ್ತಲೇ ಇದ್ದಳು, ಒರೆಸಿದರೆ ಹೋಗುತ್ತವೇನೋ ಎಂಬಂತೆ.